ಎಪ್ಪತ್ತೆಂಟರಲ್ಲಿ ಹೋದ ಬಾಣಂತಿ

ಅನುಗೊಂಡನಹಳ್ಳಿ
12 ಜನವರಿ 2025, ಭಾನುವಾರ

ಅಮ್ಮಾ,

ಬೆಳಗಿನ ಜಾವ ನಾಲ್ಕು ಗಂಟೆ. ಹಾಲಿನ ಕ್ಯಾನಿನ ಮುಚ್ಚಳ ಅಂಗಳದ ಕಲ್ಲಿನ ಮೇಲೆ ಬಿದ್ದು ಗಿರಗಿರನೆ ಸುತ್ತಿದ ಸದ್ದಿಗೆ ಎಚ್ಚರವಾಯಿತು. ಅತ್ತೆ ಹಾಲು ಕರೆಯುವುದಕ್ಕೆ ಎದ್ದಿದ್ದಾರೆ. ಪುಟ್ಟಿ ರಾತ್ರಿಯೆಲ್ಲ ನನ್ನನ್ನು ಕೂರಿಸಿ, ಈಗ ಏನೂ ತಿಳಿಯದವಳ ಹಾಗೆ ಮುಷ್ಟಿ ಬಿಗಿಹಿಡಿದು ಮಲಗಿದ್ದಾಳೆ. ಇವರು ನೈಟ್ ಶಿಫ್ಟಿನಿಂದ ಇನ್ನೂ ಬಂದಿಲ್ಲ. ನನ್ನ ನಿದ್ದೆಯೊಂದನ್ನು ಬಿಟ್ಟು ಇಲ್ಲಿ ಎಲ್ಲವೂ ಕ್ಷೇಮ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯ. ನೀನು ಫೋನನ್ನು ಕಿವಿಗಿಟ್ಟುಕೊಂಡು ಮಾತಾಡಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಸ್ಪೀಕರ್ ಹಾಕಿ ಜಗುಲಿಯ ಮೇಲಿಟ್ಟು, ಅವರೆಕಾಯಿ ಸುಲಿಯುತ್ತ ಮಾತಾಡುತ್ತೀಯ. ನನಗೆ ನೆಗಡಿಯಾದರೆ ನಂದಗುಡಿ ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ಕಷಾಯ ಹೇಳುತ್ತಾರೆ. ಇದು ಬಸ್‌ಸ್ಟಾಪಿಗೆ ಕೇಳಿಸುವ ಮಾತಲ್ಲ. ಇವರು ಹೊಸಕೋಟೆಯಲ್ಲಿ ನಿಮ್ಮೂರ ಬಸ್ಸಿನ ಕಂಡಕ್ಟರ್ ವಸಂತ್ ಕೈಗೆ ಈ ಕಾಗದ ಕೊಡುತ್ತಾರೆ. ನೀನು ಒಬ್ಬಳೇ ಓದಿಕೊ.

ನನ್ನ ಮೇಲೆ ಕೋರ್ಟಿನಲ್ಲಿ ಕೇಸಾಗಿದೆ. ಗಾಬರಿಯಾಗಬೇಡ, ನಿನ್ನ ಪಾಲಿನದನ್ನೂ ಸೇರಿಸಿ ನಾನೇ ಆಗಿದ್ದೇನೆ. ಕಳೆದ ವರ್ಷ ಜೂನ್ ಮೂರನೇ ತಾರೀಖು ನನ್ನ ಸ್ಕೂಟರು ಹೊಸಕೋಟೆ ಹತ್ತಿರ ಹಳೇ ಮದ್ರಾಸ್ ರಸ್ತೆಯಲ್ಲಿ ಎಪ್ಪತ್ತೆಂಟು ಕಿಲೋಮೀಟರ್ ವೇಗದಲ್ಲಿ ಹೋಯಿತಂತೆ. ಕ್ಯಾಮೆರಾ ಹಿಡಿದಿದೆ. ದಂಡ ಕಟ್ಟಿ ಎಂಬ ಮೆಸೇಜುಗಳೆಲ್ಲ ಅಪ್ಪನ ಹಳೇ ನಂಬರಿಗೆ ಹೋಗಿವೆ. ಸ್ಕೂಟರು ಕೊಡಿಸಿದ್ದು ಅಪ್ಪ ತಾನೇ, ನಂಬರೂ ಅವರದೇ ಕೊಟ್ಟಿದ್ದರು. ಆ ಸಿಮ್ಮು ಅಪ್ಪ ಹೋದ ಮೇಲೆ ನಿನ್ನ ಅಕ್ಕಿ ಡಬ್ಬದಲ್ಲಿದೆ. ಈಗ ಸಮನ್ಸ್ ಬಂದಿದೆ. ಮೊಬೈಲಿನಲ್ಲಿ ಕಟ್ಟೋಣವೆಂದರೆ ಕೇಸು ಕೋರ್ಟಿಗೆ ಹೋಗಿದೆ ಎನ್ನುತ್ತದೆ. ಠಾಣೆಯಲ್ಲಿ ಕೇಳಿದರೆ ಕೋರ್ಟಿಗೆ ಹೋಗಿ ಅಂದರು. ಕೋರ್ಟಿನಲ್ಲಿ ಕೇಳಿದರೆ ತಾರೀಖಿನ ದಿನ ಬನ್ನಿ ಅಂದರು. ದುಡ್ಡು ಹಿಡಿದುಕೊಂಡು ಹೋದವಳನ್ನು ಎಲ್ಲರೂ ಸೇರಿ ಅಟ್ಟಿದ್ದನ್ನು ಮೊದಲ ಸಲ ನೋಡಿದೆ.

ಸಮನ್ಸಿನ ಜೊತೆ ಒಂದು ಮಸುಕು ಫೋಟೋ ಇದೆ. ಹಿಂದಿನಿಂದ ತೆಗೆದದ್ದು. ನನ್ನ ಕೆಂಪು ಹೆಲ್ಮೆಟ್ಟು, ಸೀರೆ ಉಟ್ಟ ಹೆಂಗಸು, ಕಾಲ ಬಳಿ ಬೆಳ್ಳಗೆ ಹೊಳೆಯುವ ಏನೋ ಒಂದು. ಅದು ನೀನು ಕೊಟ್ಟ ತಿಂಡಿ ಡಬ್ಬವೆಂದು ಮಾವ ತೀರ್ಪು ಕೊಟ್ಟಾಗಿದೆ. ಆಗ ನಾನು ಬಾಣಂತನಕ್ಕೆ ನಿನ್ನ ಹತ್ತಿರ ಇದ್ದೆ, ಇವರು ವಾರದಲ್ಲಿ ಮೂರು ನಾಲ್ಕು ದಿನ ಸ್ಕೂಟರನ್ನು ನಿನ್ನ ಮನೆಯಲ್ಲೇ ಬಿಟ್ಟು ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರಲ್ಲ, ಅದಕ್ಕೆ ಗಾಡಿ ನಂದಗುಡಿಯಲ್ಲೇ ಇತ್ತು, ಓಡಿಸಿದವಳು ನಾನೇ ಎಂದು ಎಲ್ಲರೂ ನಂಬಿದ್ದಾರೆ. ಮಾವ ಟೀ ಅಂಗಡಿಯಲ್ಲಿ, "ನಮ್ ಸೊಸೆ ಹಸೀ ಬಾಣಂತಿ ಕಣ್ರಪ್ಪಾ, ಎಪ್ಪತ್ತೆಂಟರಲ್ಲಿ ಹೋಗವ್ಳೆ" ಎಂದು ಮೀಸೆ ತಿರುವುತ್ತಾರೆ. ಮನೆಗೆ ಬಂದು, "ತೌರುಮನೇಲಿ ಬಾಣಂತಿನ ನೋಡ್ಕೊಳ್ಳೋದು ಹಿಂಗೇನಮ್ಮಾ?" ಎಂದು ಕೇಳುತ್ತಾರೆ. ಡೇರಿಯವರು ನನಗೆ 'ಎಪ್ಪತ್ತೆಂಟು' ಎಂದು ಹೆಸರಿಟ್ಟಿದ್ದಾರೆ.

ಆ ದಿನ ನಾವು ಎಲ್ಲಿದ್ದೆವೆಂದು ನಿನಗೂ ಇವರಿಗೂ ಗೊತ್ತು. ಗಾಡಿ ಎಲ್ಲಿ ಬಿಟ್ಟಿದ್ದರೆಂದು ಮಾತ್ರ ಇವರಿಗೆ ನೆನಪಿಲ್ಲ. ನಾನೀಗ ಏನು ಹೇಳಲಿ?

ನಿನ್ನ
ಜ್ಯೋತಿ

(ಬೆಳಗಾಗುತ್ತಲೇ ನಿನ್ನ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಫೋನಿಗೆ ಬಂತು. ಅತ್ತೆಗೂ ಬಂದಿದೆ. ಯಾರದು ಕೆಂಪು, ಯಾರದು ಹಳದಿ ಎಂದು ಇಬ್ಬರೂ ಹೋಲಿಸಿ ನೋಡಿದೆವು.)


ನಂದಗುಡಿ
15-1-2025

ಜ್ಯೋತಿ ಮಗಳೇ,

ಕಾಗದ ಕೈ ಸೇರಿತು. ವಸಂತ ಬಸ್ ನಿಲ್ಲಿಸಿ, ಎಲ್ಲರ ಮುಂದೆ, "ಪಿಳ್ಳಮ್ಮಾ, ನಿಮ್ ಮಗಳು ಪತ್ರ ಬರ್ದವ್ಳೆ" ಅಂತ ಕೂಗಿ ಕೊಟ್ಟ. ಗುಟ್ಟು ಕಳಿಸೋದಕ್ಕೆ ಒಳ್ಳೇ ಮನುಷ್ಯನನ್ನ ಹಿಡಿದಿದ್ದೀಯ. ಫೋನನ್ನ ಕಿವಿಗಿಟ್ಟರೆ ಕಿವಿ ಕಾಯುತ್ತೆ, ಅದಕ್ಕೆ ಸ್ಪೀಕರ್ ಹಾಕೋದು. ನಾನು ಏಳನೇ ಕ್ಲಾಸಿನವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ಆ ದಿನ ನನಗೆ ಮರೆತುಹೋಗುತ್ತಾ? ಮಗು ಹುಟ್ಟಿ ಆರನೇ ದಿನ. ಕಣ್ಣು, ಅಂಗಾಲು ಎಲ್ಲಾ ಹಳದಿ ತಿರುಗಿ, ಕಾಮಾಲೆ ಅಂತ ಹೊಸಕೋಟೆ ಆಸ್ಪತ್ರೇಲಿ ನೀಲಿ ದೀಪದ ಪೆಟ್ಟಿಗೇಲಿ ಇಟ್ಟಿದ್ದರು. ನೀನು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಂಚದ ಮೇಲೆ ಕೂತು ಅಳ್ತಿದ್ದೆ. ಬಚ್ಚಲಿಗೆ ಹೋಗಬೇಕಾದರೂ ನನ್ನ ಕೈ ಹಿಡಿಯುತ್ತಿದ್ದವಳು ಎಪ್ಪತ್ತೆಂಟರಲ್ಲಿ ಹೋದಳಂತೆ. ಗಾಡಿ ಓಡಿಸಿದ್ದು ದೆವ್ವಾನಾ?

ಆಸ್ಪತ್ರೆ ಚೀಟಿ ನನ್ನ ಬೀರುವಿನಲ್ಲಿದೆ. ಅದನ್ನ ತೋರಿಸಿದರೆ ನೀನಲ್ಲ ಅಂತ ಕೋರ್ಟು ಒಪ್ಪುತ್ತೆ, ನನಗೂ ಗೊತ್ತು. ಆದರೆ ತೋರಿಸಬೇಡ ಮಗಳೇ. ಪುರುಡು ಕಳೆದಿರಲಿಲ್ಲ, ನಿನ್ನ ಅತ್ತೆ ಮಾವ ಮಗುವನ್ನ ಇನ್ನೂ ನೋಡಿಯೇ ಇರಲಿಲ್ಲ. ಮೊದಲನೇ ಮೊಮ್ಮಗು. ಎಳೆಬಿಸಿಲಿಗೆ ಹಿಡಿಯಲಿಲ್ಲ, ತಾಯಿಮನೇಲಿ ಜೋಪಾನ ಸಾಲಲಿಲ್ಲ ಅಂತಾರೆ ಅನ್ನೋ ಹೆದರಿಕೆಗೆ ನಾನೇ ಮುಚ್ಚಿಟ್ಟೆ. ಅಳಿಯಂದ್ರ ಹತ್ತಿರ ಆಣೆ ಹಾಕಿಸಿಕೊಂಡೆ. ನಾಮಕರಣದ ದಿನ ನಿನ್ನ ಮಾವ ಎಲ್ಲರ ಮುಂದೆ, "ನಮ್ ಬೀಗಿತ್ತಿ ಕೈಯಲ್ಲಿ ಮಗು ಒಂದು ಸೀನೂ ಸೀನಿಲ್ಲ" ಅಂದರು. ನಾನು ತಲೆ ಬಗ್ಗಿಸಿಕೊಂಡು ಎಲೆ ಹಾಕ್ತಾ ಹೋದೆ. ಈಗ ಕೋರ್ಟಿನಲ್ಲಿ ಆ ಚೀಟಿ ಓದಿದರೆ ನಾನು ನಿಮ್ಮ ಮನೆ ಹೊಸ್ತಿಲು ಹೆಂಗೆ ತುಳೀಲಿ?

ನೀನೇ ಓಡಿಸಿದೆ ಅಂತ ಒಪ್ಪಿಕೊಂಡರೂ ಬೈಗುಳ ನನಗೇ. ಇದಕ್ಕೆ ಯಾವ ದೇವರಿಗೆ ಕಾಯಿ ಒಡೆಸಲಿ ತಿಳಿಯುತ್ತಿಲ್ಲ. ಆಗ ಆ ಆಸ್ಪತ್ರೇಲಿ ಯಾರೋ ಪುಣ್ಯಾತ್ಗಿತ್ತಿ ಮಗು ಕೈಗೆ ಕರಿಮಣಿ ಕಟ್ಟಿದ್ದಳಲ್ಲ, ಅಲ್ಲಿನ ಆಯಾನ ಕೇಳಿದರೆ ನಾನಲ್ಲ ಅಂದಳು. ಅಂಥ ಯಾರಾದರೂ ಈಗಲೂ ಬಂದು ಕಾಪಾಡಲಿ.

ಹಿತಕಿದ ಬೇಳೆ ಕಳಿಸಿದ್ದೇನೆ. ಇವತ್ತೇ ಸಾರು ಮಾಡಿ, ಇಟ್ಟರೆ ಹಳಸುತ್ತೆ.

ಪಿಳ್ಳಮ್ಮ


ಅನುಗೊಂಡನಹಳ್ಳಿ
8 ಫೆಬ್ರವರಿ 2025

ಅಮ್ಮಾ,

ನಿನ್ನೆ ಕೋರ್ಟು ನೋಡಿ ಬಂದೆ. 'ನೋಡಿ' ಅಂತಲೇ ಬರೆಯಬೇಕು, ಬೇರೇನೂ ಆಗಲಿಲ್ಲ.

ಮನೆಯಿಂದ ದಿಬ್ಬಣ ಹೊರಟಿತು. ಮಾವ ಬಿಳೀ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಇವರು ಶಿಫ್ಟು ಮುಗಿಸಿ ಬಂದು ಕಣ್ಣುಜ್ಜಿಕೊಳ್ಳುತ್ತ. ಪುಟ್ಟಿಯನ್ನು ಎತ್ತಿಕೊಳ್ಳುವುದಕ್ಕೆ ಅತ್ತೆ. ಬಟ್ಟೆ, ಬಿಸಿನೀರಿನ ಫ್ಲಾಸ್ಕು, ರಾಗಿಸರಿಯ ಡಬ್ಬ ಹೊತ್ತ ಆರೋಪಿ ನಾನು.

ಒಳಗೆ ಬೆಂಚುಗಳೆಲ್ಲ ತುಂಬಿದ್ದವು. ಬಾಗಿಲಲ್ಲಿ ಒಬ್ಬರು ನಿಂತು ಹೆಸರು ಕೂಗುತ್ತಾರೆ. ಯಾರ ಹೆಸರು ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಹನ್ನೆರಡರ ತನಕ ಕಿವಿ ಬಾಗಿಲಿಗೆ ಕೊಟ್ಟು ಕೂತೆ. ಪುಟ್ಟಿ ಹಸಿದು ಕಿರುಚಿದಾಗ ಹೊಂಗೆ ಮರದ ಕೆಳಗೆ ಹೋಗಿ ಹಾಲು ಕೊಡುತ್ತಿದ್ದೆ. ಆಗಲೇ "ಜ್ಯೋತಿಲಕ್ಷ್ಮೀ" ಎಂದು ಕೂಗು ಬಂತು. ಓಡಿದೆ. ಅದು ಬೇರೆ ಜ್ಯೋತಿಲಕ್ಷ್ಮಿ, ಚೆಕ್ ಬೌನ್ಸ್ ಕೇಸಿನವರು. ಇಬ್ಬರೂ ಪರಸ್ಪರ ಪಾಪ ಎಂದುಕೊಂಡೆವು.

ಮಧ್ಯಾಹ್ನದ ಮೇಲೆ ನನ್ನ ಸರದಿ ಬಂದಾಗ ಠಾಣೆಯಿಂದ ಫೈಲೇ ಬಂದಿಲ್ಲ. ನಮ್ಮ ವಕೀಲರು ಮುನಿರಾಜ್ ಅಂತ, ಇವರ ಸ್ನೇಹಿತರ ಕಡೆಯವರು, ಒಳ್ಳೆಯವರೇ. "ಒಪ್ಕೊಂಡ್ರೆ ಐದು ನಿಮಿಷದ ಕೆಲಸ ಕಣಮ್ಮ, ಆದ್ರೆ ಒಪ್ಕೊಳ್ಳೋಕೂ ಫೈಲ್ ಬೇಕು" ಅಂದರು. ತಪ್ಪು ಒಪ್ಪಿಕೊಳ್ಳುವುದಕ್ಕೂ ಇಷ್ಟು ಕಾಯಬೇಕೆಂದು ನನಗೆ ಬಿ.ಕಾಂನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೆಂಟಕ್ಕೆ ಮತ್ತೆ ಬರಬೇಕು.

ಮಾವನಿಗೆ ಮಾತ್ರ ಹಬ್ಬ. ಅಷ್ಟರಲ್ಲಿ ಹೊರಗೆ ಕೂತವರ ಜಮೀನಿನ ತಕರಾರುಗಳನ್ನೆಲ್ಲ ಕೇಳಿ, ನಾಲ್ಕೈದು ಜನಕ್ಕೆ ಸಲಹೆ ಕೊಟ್ಟು, ಒಬ್ಬನಿಂದ ಟೀ ಕುಡಿಸಿಕೊಂಡೂ ಬಂದಿದ್ದರು.

ಒಂದು ವಿಚಿತ್ರ ಹೇಳುತ್ತೇನೆ. ಅತ್ತೆ ದಿನವೆಲ್ಲ ಪುಟ್ಟಿಯನ್ನು ಎತ್ತಿಕೊಂಡು ಓಡಾಡುತ್ತಿದ್ದರು. ಹೊರಡುವಾಗ ವಕೀಲರ ಹತ್ತಿರ ಹೋಗಿ, "ಲೈಸೆನ್ಸ್ ಇಲ್ದೋರು ಓಡ್ಸಿದ್ರೆ ಏನ್ ಮಾಡ್ತಾರೆ ಸಾಮಿ?" ಎಂದು ಮೆಲ್ಲಗೆ ಕೇಳಿದರು. ಮಾವ ಈಗ ಸ್ಕೂಟರಿಗೆ ಕೈ ಹಾಕಿದ್ದಾರೇನೋ ಎಂದುಕೊಂಡೆ. ಈ ವಯಸ್ಸಿನಲ್ಲಿ ಅದೊಂದು ಬಾಕಿ ಇತ್ತು.

ಒಪ್ಪಿಕೊಂಡುಬಿಡೋಣ ಎಂದೇ ಮನಸ್ಸು ಹೇಳುತ್ತದೆ. ನಿನ್ನ ಮೇಲೆ ಬರುವ ಮಾತಿಗಷ್ಟೇ ಹಿಂಜರಿಯುತ್ತಿದ್ದೇನೆ.

ಜ್ಯೋತಿ


ಅನುಗೊಂಡನಹಳ್ಳಿ
2 ಮಾರ್ಚ್ 2025

ಅಮ್ಮಾ,

ಇದನ್ನು ಕೂತುಕೊಂಡು ಓದು. ಬಸ್ಸಿನ ಬಾಗಿಲಲ್ಲಿ ನಿಂತು ಓದಬೇಡ.

ಮೊನ್ನೆ ಇಪ್ಪತ್ತೆಂಟಕ್ಕೆ ಫೈಲು ಬಂದಿತ್ತು, ಜಡ್ಜ್ ಸಾಹೇಬರು ರಜೆಯಲ್ಲಿದ್ದರು. ಮುಂದಿನ ತಾರೀಖು ಮಾರ್ಚ್ ಇಪ್ಪತ್ತೈದು. ಬಂದದ್ದು ಬಂದಿರಿ, ಸರಿಯಾಗಿ ನೋಡಿಕೊಳ್ಳಿ ಎಂದು ವಕೀಲರು ಫೈಲಿನಲ್ಲಿದ್ದ ದೊಡ್ಡ ಫೋಟೋ ತೋರಿಸಿದರು. ಇದು ಸ್ಪಷ್ಟವಾಗಿದೆ. ಕಾಲ ಬಳಿ ಹೊಳೆಯುತ್ತಿದ್ದದ್ದು ನಿನ್ನ ತಿಂಡಿ ಡಬ್ಬವಲ್ಲ. ಹಾಲಿನ ಕ್ಯಾನು. ಸೀರೆ ಕಂದು ಬಣ್ಣ, ಗಿಳಿಹಸಿರು ಅಂಚು, ಸೆರಗನ್ನು ಗದ್ದೆಗೆ ಇಳಿಯುವವರ ಹಾಗೆ ಸೊಂಟಕ್ಕೆ ಬಿಗಿದು ಸಿಕ್ಕಿಸಿದೆ.

ತಲೆ ಎತ್ತಿದೆ. ಎದುರಿಗೆ ಪುಟ್ಟಿಯನ್ನು ಎತ್ತಿಕೊಂಡು ಅತ್ತೆ ನಿಂತಿದ್ದರು. ಕಂದು ಸೀರೆ, ಗಿಳಿಹಸಿರು ಅಂಚು. ಕೋರ್ಟಿಗೆ ಬರುವಾಗ ಅದೇ ಸೀರೆ ಉಟ್ಟು ಬಂದಿದ್ದರಮ್ಮ.

ವಕೀಲರೂ ನೋಡಿದರು. ಮಾವ ಪುಣ್ಯಕ್ಕೆ ಟೀ ಅಂಗಡಿಯಲ್ಲಿದ್ದರು. ಅತ್ತೆ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಪರವಾಗಿಲ್ಲ, ನೆಟ್ಟಗೆ ಕೂತಿದೀನಿ" ಅಂದರು.

ನನಗೆ ನಗು ಬಂದು, ನಗು ಹೋಗಿ ಅಳು ಬಂದು, ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿದೆ. ನಾನು ಏಳನೇ ತಿಂಗಳಿಗೆ ನಂದಗುಡಿಗೆ ಬಂದ ಮೇಲೆ, ಇವರು ಸ್ಕೂಟರನ್ನು ಮನೆಯಲ್ಲಿಟ್ಟು ಹೋದ ದಿನಗಳಲ್ಲಿ, ಮಾವ ಮಧ್ಯಾಹ್ನ ಮಲಗಿದ ಹೊತ್ತು ನೋಡಿ, ಒಣಗಿದ ಕೆರೆ ಅಂಗಳದಲ್ಲಿ ತಾವೇ ಬಿದ್ದು ಎದ್ದು ಕಲಿತರಂತೆ. ಮೇವಿನ ಹೊರೆ ತರುವುದಕ್ಕೆ ಆಗುತ್ತದೆಂದು ಶುರು ಮಾಡಿದ್ದು. ಅವರ ತರಚಿದ ಮಂಡಿಯನ್ನು ನಾನು ನೋಡಿದ್ದರೆ ಹಸು ಒದ್ದದ್ದು ಅನ್ನುತ್ತಿದ್ದರೋ ಏನೋ.

ಜೂನ್ ಎರಡರ ರಾತ್ರಿ ಇವರು ಊಟಕ್ಕೆ ಕೂತು ಮುದ್ದೆ ಮುರಿಯದೆ ಹಾಗೇ ಎದ್ದರಂತೆ. ಅತ್ತೆ ಕೇಳಿದರು. ನಿನಗೆ ಹಾಕಿದ ಆಣೆ ಎರಡು ನಿಮಿಷವೂ ಉಳಿಯಲಿಲ್ಲ. ಬೆಳಿಗ್ಗೆ ಇವರು ಕಂಪನಿ ಬಸ್ಸಿಗೆ ಹೋದ ಮೇಲೆ, ಮಾವನಿಗೆ ಡೇರಿಗೆ ಹೋಗುತ್ತೇನೆಂದು ಹೇಳಿ, ಅನುಮಾನ ಬರದಿರಲೆಂದು ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಹೊಸಕೋಟೆಗೆ ಹೊರಟೇಬಿಟ್ಟರು. ಡೇರಿ ನಮ್ಮ ಬೀದಿಯ ಕೊನೆಯಲ್ಲಿದೆ ಅಮ್ಮ. ಅಲ್ಲಿಗೆ ಹೆಲ್ಮೆಟ್ ಹಾಕಿಕೊಂಡು ಯಾರಾದರೂ ಹೋಗುತ್ತಾರೆಯೇ? ಮಾವ ಹಾಸಿಗೆಯಿಂದಲೇ ಹೂಂ ಅಂದರಂತೆ, ಗಾಡಿಯನ್ನೂ ನೋಡಲಿಲ್ಲ, ಹೆಲ್ಮೆಟ್ಟನ್ನೂ ನೋಡಲಿಲ್ಲ.

ಅಷ್ಟು ಜೋರಾಗಿ ಯಾಕೆ ಹೋದಿರಿ ಎಂದರೆ, "ಹಿಂದ್ಗಡೆ ಲಾರಿ ಒಂದೇ ಸಮ ಹಾರ್ನ್ ಹೊಡೀತಿತ್ತು. ಅದಕ್ಕೆ ತೊಂದ್ರೆ ಆಗ್ಬಾರ್ದು ಅಂತ ಮುಂದೆ ಮುಂದೆ ಹೋದೆ" ಅಂದರು. ಮುಳ್ಳು ಎಷ್ಟು ತೋರಿಸುತ್ತಿತ್ತು ಎಂದೆ. "ಮುಳ್ಳು ನೋಡೋಕೆ ಎಲ್ಲಿ ಪುರುಸೊತ್ತು? ನಾನು ರಸ್ತೆ ನೋಡ್ತಿದ್ದೆ."

ಪುರುಡು ಮುಗಿಯದೆ ಮುಖ ನೋಡಬಾರದೆಂದು ಗಾಜಿನ ಹೊರಗೇ ನಿಂತು, ಪುಟ್ಟಿಯ ಪಾದವನ್ನಷ್ಟೇ ನೋಡಿದರಂತೆ. ಕಣ್ಣಿಗೆ ಪಟ್ಟಿ ಕಟ್ಟಿ, ಕಾಲು ಒದೆಯುತ್ತಿದ್ದಳಂತೆ. ನರ್ಸಿನ ಕೈಗೆ ಕರಿಮಣಿ ಕೊಟ್ಟು ಕಟ್ಟಲು ಹೇಳಿದರು. ನೀನು ಕೇಳಿದ ಪುಣ್ಯಾತ್ಗಿತ್ತಿ ಇವರೇ. ಬರುವ ದಾರಿಯಲ್ಲಿ ಸಪ್ಪಲಮ್ಮನ ಗುಡಿಯ ಹೊರಗೇ ನಿಂತು, ಮೈಲಿಗೆ ಮಾಡಿಕೊಂಡೆ, ಹೊಟ್ಟೆಗೆ ಹಾಕ್ಕೋ ತಾಯಿ ಎಂದು ದೀಪ ಹಚ್ಚಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರು. ಆಮೇಲೆ ಯಾರಿಗೂ ಹೇಳಲಿಲ್ಲ, ಇವರಿಗೂ.

ನನಗಾದರೂ ಹೇಳಬಾರದಿತ್ತೇ, ಒಂದೂವರೆ ತಿಂಗಳಿಂದ ಊರೆಲ್ಲ ನನ್ನನ್ನು ಎಪ್ಪತ್ತೆಂಟು ಅನ್ನುತ್ತಿದೆ ಎಂದು ಕೇಳಿದೆ. ಅತ್ತೆ ಪುಟ್ಟಿಯ ಟೋಪಿ ಸರಿ ಮಾಡುತ್ತ ಹೇಳಿದರು:

"ನಿಮ್ಮಮ್ಮ ಆಚೆ ಬೆಂಚ್ ಮೇಲೆ ಕೂತ್ಕೊಂಡೇ ನಿದ್ದೆ ಹೋಗಿದ್ರು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಎಬ್ಬಿಸಿದ್ರೆ ನನ್ ಮುಖ ನೋಡ್ಬೇಕಲ್ಲ ಅವ್ರು. ಮುಚ್ಚಿಟ್ಟೋರ ಎದುರಿಗೆ ನಾನು ಕಂಡೆ ಅಂತ ಹೆಂಗ್ ನಿಂತ್ಕೊಳ್ಳಲಿ? ಬಂದ್ಬಿಟ್ಟೆ. ಈಗ ಓಡ್ಸಿದ್ದು ನಾನು ಅಂದ್ರೆ, ಯಾಕೆ ಹೋಗಿದ್ದೆ ಅಂತಾರೆ. ನಿಮ್ಮಮ್ಮನ್ನ ಒಂದ್ ಮಾತು ಕೇಳ್ದೆ ನಾನು ಬಾಯಿ ಬಿಡಲ್ಲ ಕಣಮ್ಮ."

ನಾನು ಒಪ್ಪಿಕೊಂಡರೆ ಸಣ್ಣ ದಂಡ, ಅಲ್ಲಿಗೆ ಮುಗಿಯುತ್ತದೆ. ಅತ್ತೆ ನಿಜ ಹೇಳಿದರೆ ಲೈಸೆನ್ಸ್ ಇಲ್ಲದ್ದಕ್ಕೆ ಅವರಿಗೊಂದು, ಗಾಡಿ ಕೊಟ್ಟದ್ದಕ್ಕೆ ನನಗೊಂದು ಎಂದು ವಕೀಲರು ತಲೆ ಕೆರೆದುಕೊಂಡರು. ಇವರು ದಂಡ ಎಷ್ಟಾದರೂ ಆಗಲಿ, ಕಟ್ಟೋಣ ಅಂದಿದ್ದಾರೆ. ಉಳಿದಿರುವುದು ನಿನ್ನ ಮಾತೊಂದೇ. ಬರೆ.

ಜ್ಯೋತಿ


ಅನುಗೊಂಡನಹಳ್ಳಿ
25 ಮಾರ್ಚ್ 2025

ಅಮ್ಮಾ,

ಮೂರು ಗಂಟೆ. ಇವತ್ತೇ ಕೋರ್ಟು. ಪುಟ್ಟಿ ಅತ್ತದ್ದಕ್ಕಲ್ಲ, ಕೊಟ್ಟಿಗೆಯಲ್ಲಿ ಯಾರೋ ಮಾತಾಡುವ ಸದ್ದಿಗೆ ಎದ್ದೆ. ಕಿಟಕಿಯಿಂದ ನೋಡಿದರೆ ಅತ್ತೆ ಬಲ್ಬು ಹಾಕಿಕೊಂಡು, ಸೆರಗು ಹೊದ್ದು, ಕೈ ಜೋಡಿಸಿ ಹಸುವಿನ ಎದುರು ನಿಂತಿದ್ದರು.

"ಸಾಮಿ, ಗಾಡಿ ಓಡ್ಸಿದ್ದು ನಾನೇ. ಮುನಿಲಕ್ಷ್ಮಮ್ಮ, ಗೋಪಾಲಪ್ಪನ ಹೆಂಡ್ತಿ. ಮೊಮ್ಮಗು ನೋಡೋಕೆ ಹೋಗಿದ್ದೆ."

ಹಸು ಮೆಲುಕು ಹಾಕುತ್ತ ಕೇಳಿಸಿಕೊಂಡಿತು. ಅತ್ತೆ ಗಂಟಲು ಸರಿಮಾಡಿಕೊಂಡು, ಇನ್ನೊಂದನ್ನೂ ಅಭ್ಯಾಸ ಮಾಡಿದರು. "ಸಾಮಿ, ಗಾಡಿ ಓಡ್ಸಿದ್ದು ನಮ್ ಸೊಸೆ..." ಅಲ್ಲಿಗೆ ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲಿಗೇ ನಿಂತರು. ಮೂರನೇ ಸಲ ಹಸುವಿನ ಕುತ್ತಿಗೆ ಸವರಿ ಸುಮ್ಮನೆ ಕೂತುಬಿಟ್ಟರು.

ನೀನು ಹೂಂ ಅಂದರೆ ಮೊದಲನೆಯದು. ಉಹೂಂ ಅಂದರೆ ಎರಡನೆಯದು. ಏನೂ ಅನ್ನದಿದ್ದರೆ ಏನು ಹೇಳಬೇಕೋ ಅವರಿಗೆ ತಿಳಿಯದು.

ನೀನು ಬರೆಯಲಿಲ್ಲ. ಕಾಗದವನ್ನು ನಿನ್ನ ಕೈಗೇ ಕೊಟ್ಟೆನೆಂದು ವಸಂತ್ ಇವರಿಗೆ ಹೇಳಿದನಂತೆ. ನೀನು ಅಲ್ಲೇ ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಪುಟ್ಟಿ ಹೇಗಿದ್ದಾಳೆಂದು ಕೂಡ ಕೇಳದೆ ಒಳಗೆ ಹೋದೆಯಂತೆ. ನಾನು ಫೋನ್ ಮಾಡಿದರೆ ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ನನಗೆ ದಿನಾ ಗುಲಾಬಿ ಬರುತ್ತಿದೆ. ಆ ಕಾಗದ ನಿನ್ನ ಕೈ ಸೇರಿದ ದಿನದಿಂದ ಅತ್ತೆಗೆ ಒಂದೂ ಬಂದಿಲ್ಲ. ಹಾಲು ಕರೆದು ಬಂದವರು ಕೈ ಒರೆಸಿಕೊಂಡು ಮೊದಲು ಫೋನು ನೋಡುತ್ತಾರೆ, "ನೆಟ್ವರ್ಕ್ ಇಲ್ಲ ಅನ್ಸುತ್ತೆ" ಎಂದು ಮಗ್ಗುಲಲ್ಲಿಡುತ್ತಾರೆ. ನೆಟ್ವರ್ಕ್ ಇದೆ ಅಮ್ಮ.

ನಿನಗೆ ನಾಚಿಕೆಯಾಗಿದೆ ಎಂದು ನನಗೆ ಗೊತ್ತು. ನಾನೂ ಈಗ ತಾಯಿ, ರಾತ್ರಿಯೆಲ್ಲ ಮಗುವಿನ ಅಂಗಾಲು ಮುಟ್ಟಿ ಮುಟ್ಟಿ ನೋಡುವವಳು. ಆದರೆ ನೀನು ಯಾರಿಂದ ಮುಚ್ಚಿಟ್ಟೆಯೋ ಅವರು ಅವತ್ತೇ ಎಲ್ಲ ನೋಡಿದ್ದರು. ನಿನ್ನ ಚಪ್ಪಲಿ ಇಲ್ಲದ ಕಾಲನ್ನೂ ನೋಡಿದ್ದರು. ಇಷ್ಟು ತಿಂಗಳಲ್ಲಿ ಒಂದು ಮಾತು, ಒಂದು ಕೊಂಕು ಬಂತೇ? ನಾಮಕರಣದ ದಿನ ಮಾವ ಆ ಮಾತು ಹೇಳಿದಾಗ ನೀನು ತಲೆ ಬಗ್ಗಿಸಿ ಎಲೆ ಹಾಕುತ್ತಿದ್ದೆಯಲ್ಲ, ನಿನ್ನ ಹಿಂದೆಯೇ ಉಪ್ಪು ಬಡಿಸುತ್ತ ಬಂದವರು ಯಾರು, ನೆನಪು ಮಾಡಿಕೊ.

ಮಾವನ ಬಗ್ಗೆ ಹೆದರಬೇಡ. ಅವರು ಇಸ್ತ್ರಿ ಪಂಚೆ ಗೂಟಕ್ಕೆ ಹಾಕಿಟ್ಟು ಗೊರಕೆ ಹೊಡೆಯುತ್ತಿದ್ದಾರೆ. ಹೆಂಡತಿ ಎಪ್ಪತ್ತೆಂಟರಲ್ಲಿ ಹೋದಳೆಂದು ತಿಳಿದರೆ ಕಾಮಾಲೆ ಚೀಟಿಯ ಮಾತು ಅವರ ಕಿವಿಗೆ ಬೀಳುವುದೂ ಇಲ್ಲ. ಒಂದು ಗಂಟೆ ಸಿಟ್ಟು ಮಾಡುತ್ತಾರೆ, ಆಮೇಲೆ ಟೀ ಅಂಗಡಿಗೆ ಹೋಗಿ ಮೀಸೆ ತಿರುವುತ್ತಾರೆ. ಇನ್ನೊಂದು ಹೇಳಲಿಲ್ಲ. ಇವರು ಸುಮ್ಮನಿರದೆ ಅತ್ತೆಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದ್ದಾರೆ. ರಸ್ತೆ ಚಿಹ್ನೆಗಳನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾರೆ. ಈ ಕೇಸಿಗೆ ಅದು ಕಾಸಿನ ಉಪಯೋಗಕ್ಕಿಲ್ಲವೆಂದು ವಕೀಲರು ನಕ್ಕರು. ಆದರೂ ಅತ್ತೆ ಅದನ್ನು ಕುಂಕುಮದ ಭರಣಿಯ ಕೆಳಗೆ ಇಟ್ಟುಕೊಂಡಿದ್ದಾರೆ.

ಈ ಕಾಗದ ವಸಂತನ ಕೈಗೆ ಕೊಡುವಷ್ಟು ಹೊತ್ತಿಲ್ಲ. ಹಾಳೆಗಳ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ನಾಲ್ಕಕ್ಕೆ ಎದ್ದು ಗುಲಾಬಿ ಹುಡುಕುವಾಗ ನಿನಗೆ ಮೊದಲು ಸಿಗುವುದು ಇದೇ. ಓದಿದ ಮೇಲೆ ಇವತ್ತು ಹೂವು ಬೇಡ, ಫೋನು ಮಾಡು. ನನಗಲ್ಲ, ಅತ್ತೆಗೆ. ಅವರು ಫೋನನ್ನು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ನಿಲ್ಲಿಸಿಕೊಂಡು, ಅದನ್ನೇ ನೋಡುತ್ತ ಹಾಲು ಕರೆಯುತ್ತಿದ್ದಾರೆ. ಏನು ಮಾತಾಡಲಿ ಅನ್ನಬೇಡ. 'ನಿಜ ಹೇಳಿ ಬೀಗಿತ್ತಿ' ಎಂದರೆ ಸಾಕು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಮತ್ತೆ, ಈ ಒಂದು ಸಲ ಸ್ಪೀಕರ್ ಹಾಕಿಕೊಂಡೇ ಮಾತಾಡಮ್ಮ. ಜಗುಲಿಯ ಮೇಲಿಟ್ಟು ಮಾತಾಡು, ಬಸ್‌ಸ್ಟಾಪಿನ ತನಕ ಕೇಳಲಿ. ಬೆಳಕು ಹರಿಯುವುದರೊಳಗೆ ಮಾಡು. ದಯವಿಟ್ಟು ಮಾಡು.

ನಿನ್ನ
ಜ್ಯೋತಿ